ಹೆಚ್ಚು ಚೆಂಡುಗಳ ಜಗ್ಲಿಂಗ್

ಕೈಗಳಿಗಿಂತ ಹೆಚ್ಚು ಸಂಖ್ಯೆಯ ವಸ್ತುಗಳನ್ನು ಸರದಿಯಂತೆ ಮೇಲೆಸೆದು, ಹಿಡಿದು, ಮತ್ತೆ ಎಸೆಯುತ್ತ ಹೋಗುವ ಆಟ ಜಗ್ಲಿಂಗ್. ಎರಡು ಕೈಗೆ ಮೂರು ಚೆಂಡು ಇದರ ಮೊದಲ ಮೆಟ್ಟಿಲು. ಅಷ್ಟನ್ನು ಹೆಚ್ಚಿನವರು ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಕಲಿತುಬಿಡುತ್ತಾರೆ. ನಾಲ್ಕಕ್ಕೆ ವಾರಗಳು ಬೇಕು, ಐದಕ್ಕೆ ತಿಂಗಳುಗಳು. ಹಲವರಿಗೆ ವರ್ಷವೇ ಹಿಡಿಯುತ್ತದೆ. ಏಳನ್ನು ನೆಮ್ಮದಿಯಾಗಿ ಆಡಿಸುವವರು ವೃತ್ತಿಯವರಲ್ಲೂ ಕಡಿಮೆ. ಹನ್ನೊಂದಕ್ಕೆ ಬರುವ ಹೊತ್ತಿಗೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ ಉಳಿಯುತ್ತಾರೆ.

ಏಳು ಮತ್ತು ಅದಕ್ಕೂ ಹೆಚ್ಚಿನ ವಸ್ತುಗಳ ಆಟವನ್ನು ಜಗ್ಲರ್‌ಗಳು ‘ನಂಬರ್ಸ್’ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಹಾಗೆ ಬೇರೆ ಮಾಡಿದ್ದಕ್ಕೆ ಕಾರಣವಿದೆ. ಮೂರು ಚೆಂಡಿನ ಆಟಕ್ಕೆ ಇನ್ನೂ ಆರನ್ನು ಸೇರಿಸಿದರೆ ಒಂಬತ್ತರ ಆಟವಾಗುವುದಿಲ್ಲ. ಚೆಂಡು ಏರಬೇಕಾದ ಎತ್ತರ, ತಪ್ಪನ್ನು ತಿದ್ದಿಕೊಳ್ಳುವ ರೀತಿ, ಕಣ್ಣು ನೆಡುವ ಜಾಗ, ಆಟವನ್ನು ಆರಂಭಿಸಿ ಮುಗಿಸುವ ಬಗೆ, ಕೊನೆಗೆ ಸಾಧನೆಯನ್ನು ಅಳೆಯುವ ಮಾನದಂಡ, ಇವೆಲ್ಲ ಬದಲಾಗುತ್ತವೆ. ಮೂರು ಚೆಂಡಿನಲ್ಲಿ ಕೆಟ್ಟ ಎಸೆತವನ್ನು ಒಳ್ಳೆಯ ಹಿಡಿತ ಕಾಪಾಡುತ್ತದೆ. ಒಂಬತ್ತರಲ್ಲಿ ಆ ಅವಕಾಶ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚೆಂಡು ಬೆರಳು ಬಿಡುವ ಗಳಿಗೆಯಲ್ಲೇ ಅದರ ಹಣೆಬರಹ ತೀರ್ಮಾನವಾಗಿರುತ್ತದೆ.

ಶಾನನ್ ಸೂತ್ರ

ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್‌ಗೆ ಜಗ್ಲಿಂಗ್ ಹುಚ್ಚಿತ್ತು. ಬೆಲ್ ಪ್ರಯೋಗಾಲಯದ ಓಣಿಗಳಲ್ಲಿ ಒಂಟಿಚಕ್ರದ ಸೈಕಲ್ ಹೊಡೆಯುತ್ತ ಚೆಂಡಾಡಿಸಿದ ಮನುಷ್ಯ ಆತ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾಗ ಮಕ್ಕಳ ಜೋಡಣೆ ಆಟಿಕೆಯ ಬಿಡಿಭಾಗಗಳಿಂದಲೇ ಒಂದು ಯಂತ್ರ ಕಟ್ಟಿದರು. ಅದು ಮೂರು ಉಕ್ಕಿನ ಗುಂಡುಗಳನ್ನು ಡೋಲಿನ ಚರ್ಮದ ಮೇಲೆ ಪುಟಿಸಿ ಹಿಡಿಯುತ್ತಿತ್ತು. 1980ರ ದಶಕದ ಆರಂಭದಲ್ಲಿ ಅವರು ಬರೆದ ಪ್ರಬಂಧದಲ್ಲಿ ಜಗ್ಲಿಂಗ್‌ನ ಮೂಲ ಸಮೀಕರಣವಿದೆ. ಚೆಂಡು ಗಾಳಿಯಲ್ಲಿರುವ ಹೊತ್ತನ್ನು ‘ಹಾರಾಟ’, ಕೈಯಲ್ಲಿರುವ ಹೊತ್ತನ್ನು ‘ಹಿಡಿತ’, ಕೈ ಬರಿದಾಗಿರುವ ಹೊತ್ತನ್ನು ‘ಖಾಲಿ’ ಎಂದು ಕರೆದರೆ, ಸೂತ್ರ ಇಷ್ಟೇ:

(ಹಾರಾಟ + ಹಿಡಿತ) × ಕೈಗಳ ಸಂಖ್ಯೆ = (ಖಾಲಿ + ಹಿಡಿತ) × ಚೆಂಡುಗಳ ಸಂಖ್ಯೆ

ಎಡಭಾಗ ಚೆಂಡಿನ ದೃಷ್ಟಿಯಿಂದ ನೋಡಿದ ಆಟ, ಬಲಭಾಗ ಕೈಯ ದೃಷ್ಟಿಯಿಂದ ನೋಡಿದ್ದು. ಮನುಷ್ಯನ ಕೈ ಎರಡೇ, ಅದು ಬದಲಾಗದು. ಹಾಗಾಗಿ ಚೆಂಡಿನ ಸಂಖ್ಯೆ ಏರಿದಾಗ ಎರಡೇ ದಾರಿ: ಕೈಯ ವೇಗ ಹೆಚ್ಚಿಸಬೇಕು, ಇಲ್ಲವೇ ಹಾರಾಟದ ಹೊತ್ತನ್ನು ಉದ್ದ ಮಾಡಬೇಕು. ನಮ್ಮ ಹೆಣ್ಣುಮಕ್ಕಳ ಆಣೆಕಲ್ಲಾಟದಲ್ಲೂ ಇದೇ ವ್ಯವಹಾರ ನಡೆಯುತ್ತದೆ. ನೆಲದ ಮೇಲೆ ಹರಡಿದ ನಾಲ್ಕೂ ಕಲ್ಲನ್ನು ಒಟ್ಟಿಗೆ ಬಾಚಿಕೊಳ್ಳಬೇಕಾದ ಸುತ್ತಿನಲ್ಲಿ ಮೇಲಿನ ಕಲ್ಲನ್ನು ತುಸು ಎತ್ತರಕ್ಕೆ ಎಸೆಯದಿದ್ದರೆ ಕೈಗೆ ಪುರುಸೊತ್ತು ಸಿಗುವುದಿಲ್ಲ.

ಪುರುಸೊತ್ತಿನ ಬೆಲೆ ಮಾತ್ರ ದುಬಾರಿ. ಎಸೆದ ವಸ್ತು ಏರುವ ಎತ್ತರ ಅದರ ಹಾರಾಟದ ಹೊತ್ತಿನ ವರ್ಗಕ್ಕೆ ಅನುಗುಣವಾದದ್ದು. ಹೊತ್ತು ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಒಂದೊಂದು ಕೈ ಅರ್ಧ ಸೆಕೆಂಡಿಗೊಮ್ಮೆ ಎಸೆಯುತ್ತದೆ, ಅದರಲ್ಲಿ 0.3 ಸೆಕೆಂಡು ಚೆಂಡು ಕೈಯಲ್ಲಿರುತ್ತದೆ ಎಂದಿಟ್ಟುಕೊಳ್ಳೋಣ. ಮೂರು ಚೆಂಡಾದರೆ ಒಂದೊಂದೂ ಕೈಯಿಂದ ಸುಮಾರು 25 ಸೆಂಟಿಮೀಟರ್ ಮೇಲೇರಿದರೆ ಸಾಕು. ಐದಕ್ಕೆ 1.1 ಮೀಟರ್, ಏಳಕ್ಕೆ 2.6 ಮೀಟರ್, ಒಂಬತ್ತಕ್ಕೆ 4.7 ಮೀಟರ್ ಬೇಕು. ಚೆಂಡು ಮೂರು ಪಟ್ಟಾದರೆ ಎತ್ತರ ಹದಿನೆಂಟು ಪಟ್ಟಿಗೂ ಮೀರುತ್ತದೆ.

ಇಷ್ಟು ಎತ್ತರಕ್ಕೆ ಗುರಿಯಿಟ್ಟು ಎಸೆಯುವುದು ಕಷ್ಟ, ಆದ್ದರಿಂದ ನುರಿತವರು ಕೈಯನ್ನೂ ಚುರುಕು ಮಾಡುತ್ತಾರೆ. ಒಂದು ಕೈ 0.4 ಸೆಕೆಂಡಿಗೊಮ್ಮೆ, ಅಂದರೆ ಎರಡೂ ಸೇರಿ ಸೆಕೆಂಡಿಗೆ ಐದು ಬಾರಿ ಎಸೆದು, ಹಿಡಿತದ ಹೊತ್ತನ್ನು 0.25 ಸೆಕೆಂಡಿಗೆ ಇಳಿಸಿದರೆ ಒಂಬತ್ತರ ಎತ್ತರ 2.9 ಮೀಟರ್‌ಗೆ ಬರುತ್ತದೆ, ಹನ್ನೊಂದರದು 4.7 ಮೀಟರ್. ಆಗಲೂ ಒಂಬತ್ತರಲ್ಲಿ ಪ್ರತಿ ಚೆಂಡೂ ಕೈಯಿಂದ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಹೊರಡಬೇಕು. ಆ ವೇಗವನ್ನು ತೋಳಿನ ಅರ್ಧ ಉದ್ದದಷ್ಟು ಜಾಗದಲ್ಲಿ ಕೊಡಬೇಕು, ಸೆಕೆಂಡಿಗೆ ಐದು ಸಲ, ಒಂದರಂತೆ ಇನ್ನೊಂದು. ಏಳರ ಮೇಲಿನ ಅಭ್ಯಾಸ ಭುಜಕ್ಕೂ ಬೆನ್ನಿಗೂ ವ್ಯಾಯಾಮವಾಗಿಬಿಡುವುದು ಇದರಿಂದಲೇ. ಅದನ್ನು ಮನೆಯ ನಡುಕೋಣೆಯಲ್ಲಿ ಮಾಡಲಾಗುವುದಿಲ್ಲ. ಎತ್ತರದ ಚಾವಣಿಯ ವ್ಯಾಯಾಮಶಾಲೆಯೋ ಸ್ಕ್ವಾಷ್ ಅಂಕಣವೋ ಬೇಕು. ಬಯಲಿನಲ್ಲಿ ಆಡೋಣವೆಂದರೆ ಗಾಳಿ ಬಿಡುವುದಿಲ್ಲ.

ಕೈ ಎಷ್ಟು ಹೊತ್ತು ಚೆಂಡನ್ನು ಹಿಡಿದುಕೊಂಡಿರಬಹುದು ಎಂಬ ಸ್ವಾತಂತ್ರ್ಯವೂ ಕುಗ್ಗುತ್ತದೆ. ಮೂರು ಚೆಂಡಿನ ಆಟಗಾರ ಬೇಕೆಂದರೆ ತಡೆದು ಎಸೆಯಬಹುದು, ಬೇಕೆಂದರೆ ಮುಟ್ಟಿದ ಕೂಡಲೇ ಎಸೆಯಬಹುದು, ಹಾಡಿನ ಲಯಕ್ಕೆ ಹೊಂದಿಸಬಹುದು, ನಡುವೆ ಮೂಗು ತುರಿಸಿಕೊಳ್ಳಲೂಬಹುದು. ಒಂಬತ್ತರವನಿಗೆ ಒಂದೇ ಲಯ, ಅದನ್ನು ಗುರುತ್ವ ನಿಗದಿಮಾಡುತ್ತದೆ.

ಒಂದು ಡಿಗ್ರಿಯ ತಪ್ಪು

ಎತ್ತರ ಹೆಚ್ಚಿದಂತೆ ದಿಕ್ಕಿನ ಚಿಕ್ಕ ದೋಷ ದೊಡ್ಡದಾಗುತ್ತದೆ. ಹೆಚ್ಚುಕಡಿಮೆ ನೇರವಾಗಿ ಮೇಲೆಸೆದ ಚೆಂಡಿನ ದಿಕ್ಕು ಒಂದು ಡಿಗ್ರಿ ಓರೆಯಾದರೆ ಅದು ಬೀಳುವ ಜಾಗ ಎತ್ತರದ ಶೇಕಡಾ ಏಳರಷ್ಟು ಆಚೀಚೆಯಾಗುತ್ತದೆ. ಮೂರು ಚೆಂಡಿನ 25 ಸೆಂಟಿಮೀಟರ್ ಎತ್ತರದಲ್ಲಿ ಇದು ಎರಡು ಸೆಂಟಿಮೀಟರ್‌ಗೂ ಕಡಿಮೆ, ಅಂಗೈಯ ಅಗಲದೊಳಗೇ ಅಡಗುತ್ತದೆ. ಒಂಬತ್ತರ 2.9 ಮೀಟರ್‌ನಲ್ಲಿ ಅದೇ ಒಂದು ಡಿಗ್ರಿ 20 ಸೆಂಟಿಮೀಟರ್ ಆಗುತ್ತದೆ, ಹನ್ನೊಂದರಲ್ಲಿ 32. ಅಷ್ಟು ದೂರಕ್ಕೆ ಕೈ ಚಾಚಬಹುದು, ಹಿಡಿಯಲೂಬಹುದು. ಆದರೆ ಚಾಚಿದ ಕೈ ಮುಂದಿನ ಎಸೆತಕ್ಕೆ ತನ್ನ ಜಾಗಕ್ಕೆ ಮರಳಿರುವುದಿಲ್ಲ. ಹೀಗೆ ಒಂದು ಚೆಂಡಿನ ತಪ್ಪು ಮುಂದಿನದಕ್ಕೆ ಅಂಟುತ್ತದೆ, ಅದರಿಂದ ಅದರ ಮುಂದಿನದಕ್ಕೆ. ನೋಡುವವರಿಗೆ ಆಟ ಎಲ್ಲೋ ಥಟ್ಟನೆ ಮುರಿದಂತೆ ಕಾಣುತ್ತದೆ. ನಿಜದಲ್ಲಿ ಅದು ನಾಲ್ಕೈದು ಎಸೆತಗಳ ಹಿಂದೆಯೇ ಕೆಟ್ಟಿರುತ್ತದೆ.

ಕೆಟ್ಟದ್ದು ತಿಳಿಯುವುದೂ ತಡ. ಒಂದು ಚೆಂಡನ್ನು ಎಸೆದು ಮತ್ತೆ ಅದೇ ಚೆಂಡನ್ನು ಎಸೆಯುವುದರೊಳಗೆ ಉಳಿದೆಲ್ಲ ಚೆಂಡುಗಳ ಸರದಿ ಬಂದುಹೋಗುತ್ತದೆ. ಮೂರರಲ್ಲಿ ಅದು ಎರಡು ಎಸೆತ, ಒಂಬತ್ತರಲ್ಲಿ ಎಂಟು. ಮೇಲಿನ ಲೆಕ್ಕದ ಪ್ರಕಾರ ಒಂಬತ್ತರ ಆಟದಲ್ಲಿ ಚೆಂಡು ತುದಿ ಮುಟ್ಟಲು ಮುಕ್ಕಾಲು ಸೆಕೆಂಡಿಗೂ ತುಸು ಹೆಚ್ಚೇ ಬೇಕು. ಅದು ದಾರಿ ತಪ್ಪಿದೆಯೆಂದು ಕಣ್ಣಿಗೆ ಕಾಣುವ ಹೊತ್ತಿಗೆ ಇನ್ನೂ ಮೂರ್ನಾಲ್ಕು ಚೆಂಡುಗಳು ಕೈ ಬಿಟ್ಟಿರುತ್ತವೆ, ಪ್ರಾಯಶಃ ಅದೇ ತಪ್ಪನ್ನು ಹೊತ್ತು. ಹೀಗಾಗಿ ಈ ಮಟ್ಟದ ಅಭ್ಯಾಸದಲ್ಲಿ ‘ನೋಡಿ ತಿದ್ದಿಕೋ’ ಎಂಬ ಪಾಠಕ್ಕೆ ಬೆಲೆ ಕಡಿಮೆ. ತೋಳಿಗೆ ಒಂದೇ ಎಸೆತವನ್ನು ಸಾವಿರಾರು ಬಾರಿ ಕಲಿಸಿ, ಆಮೇಲೆ ಅದನ್ನು ನಂಬಬೇಕಾಗುತ್ತದೆ.

ಗಾಳಿಯಲ್ಲಿ ಡಿಕ್ಕಿಯಾಗುವುದು ಇನ್ನೊಂದು ತೊಡಕು. ಮೇಲೆ ಹೋದಂತೆ ಚೆಂಡಿನ ವೇಗ ತಗ್ಗುತ್ತದೆ, ಹಾರಾಟದ ಅರ್ಧದಷ್ಟು ಹೊತ್ತನ್ನು ಅದು ದಾರಿಯ ಮೇಲಿನ ಕಾಲು ಭಾಗದಲ್ಲೇ ಕಳೆಯುತ್ತದೆ. ಒಂಬತ್ತರ ಆಟದಲ್ಲಿ ತುದಿಯ ಎಪ್ಪತ್ತು ಚಿಲ್ಲರೆ ಸೆಂಟಿಮೀಟರ್ ಎತ್ತರದೊಳಗೆ ಯಾವಾಗ ನೋಡಿದರೂ ಸುಮಾರು ನಾಲ್ಕು ಚೆಂಡುಗಳಿರುತ್ತವೆ, ಕೆಲವು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಹೊರಟವು. ಮೂರರ ಆಟದಲ್ಲಿ ಡಿಕ್ಕಿ ಅಪರೂಪ. ಏಳರಿಂದ ಮೇಲೆ ಆಟ ನಿಲ್ಲಲು ಅದು ಮುಖ್ಯ ಕಾರಣಗಳಲ್ಲೊಂದು. ಒಂದಕ್ಕೊಂದು ತಾಗಿದ ಎರಡು ಚೆಂಡುಗಳನ್ನು ಮತ್ತೆ ಸರದಿಗೆ ತಂದುಕೊಳ್ಳುವುದು ಮೂರರಲ್ಲಿ ವಿನೋದ, ಒಂಬತ್ತರಲ್ಲಿ ಪವಾಡ.

ಬೆಸ ಮತ್ತು ಸಮ

ಮೂರು, ಐದು, ಏಳು, ಒಂಬತ್ತು: ಜಗ್ಲರ್‌ಗಳ ಏಣಿಯಲ್ಲಿ ಬೆಸ ಸಂಖ್ಯೆಗಳಿಗೆ ಮರ್ಯಾದೆ ಹೆಚ್ಚು. ಎರಡು ಕೈಗಳು ಒಂದಾದ ಮೇಲೊಂದು ಎಸೆಯುವಾಗ ಚೆಂಡುಗಳು ಬೆಸವಾಗಿದ್ದರೆ ಎಲ್ಲವನ್ನೂ ಒಂದೇ ಎತ್ತರಕ್ಕೆ, ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಬಹುದು. ಒಳಗಿನಿಂದ ಎಸೆದು ಹೊರಗೆ ಹಿಡಿಯುವ, ಮಲಗಿಸಿದ ಎಂಟರ ಆಕಾರದ ಈ ಆಟಕ್ಕೆ ಕ್ಯಾಸ್ಕೇಡ್ ಎಂದು ಹೆಸರು. ಸಮಸಂಖ್ಯೆಯಲ್ಲಿ ಅದೇ ಲಯ ಹಿಡಿದರೆ ಚೆಂಡು ಎಸೆದ ಕೈಗೇ ಹಿಂದಿರುಗುತ್ತದೆ. ಆಗ ನಾಲ್ಕೆಂದರೆ ಕೈಗೆರಡರಂತೆ ಪಕ್ಕಪಕ್ಕದಲ್ಲಿ ನಡೆಯುವ ಎರಡು ಆಟಗಳು, ಆರೆಂದರೆ ಕೈಗೆ ಮೂರು. ಇದು ಫೌಂಟನ್. ಎಡಗೈ ದುರ್ಬಲವಾಗಿರುವವರನ್ನು ಇದು ಬಯಲಿಗೆಳೆಯುತ್ತದೆ, ಯಾಕೆಂದರೆ ಇಲ್ಲಿ ಬಲಗೈಯ ಒಳ್ಳೆಯ ಎಸೆತದ ಲಾಭ ಎಡಗೈಗೆ ಸಿಗುವುದೇ ಇಲ್ಲ. ಏಳು ಬಂದವರಿಗೂ ಆರು ಮುಜುಗರ ತರುವುದುಂಟು.

ಮೂರನೆಯದು ಶವರ್. ಒಂದು ಕೈ ಎಲ್ಲ ಚೆಂಡುಗಳನ್ನೂ ಎತ್ತರಕ್ಕೆ ಎಸೆಯುತ್ತದೆ, ಇನ್ನೊಂದು ಹಿಡಿದದ್ದನ್ನು ಅಡ್ಡಕ್ಕೆ ದಾಟಿಸುತ್ತದೆ. ಜಗ್ಲಿಂಗ್ ಗೊತ್ತಿಲ್ಲದವರು ಚಿತ್ರ ಬರೆದರೆ ಇದನ್ನೇ ಬರೆಯುತ್ತಾರೆ, ಸುಲಭವೆಂದು ತಿಳಿದು. ಎತ್ತರದ ಹೊರೆಯೆಲ್ಲ ಒಂದೇ ಕೈಯ ಮೇಲೆ ಬೀಳುವುದರಿಂದ ಅದೇ ಲಯದಲ್ಲಿ ಐದು ಚೆಂಡಿನ ಶವರ್‌ಗೆ ಒಂಬತ್ತು ಚೆಂಡಿನ ಕ್ಯಾಸ್ಕೇಡಿನಷ್ಟು ಎತ್ತರ ಬೇಕು. ಹಾಗಾಗಿ ‘ಎಷ್ಟು ಚೆಂಡು’ ಎಂಬ ಪ್ರಶ್ನೆಗೆ ‘ಯಾವ ರೀತಿಯಲ್ಲಿ’ ಎಂಬುದನ್ನು ಸೇರಿಸದೆ ಅರ್ಥವಿಲ್ಲ.

ಕಣ್ಣು

ಚೆಂಡನ್ನು ಕಣ್ಣಿನಿಂದ ಹಿಂಬಾಲಿಸಬೇಕೆಂದು ಹೊಸಬರು ತಿಳಿಯುತ್ತಾರೆ. ನುರಿತವರು ಯಾವ ಚೆಂಡನ್ನೂ ಹಿಂಬಾಲಿಸುವುದಿಲ್ಲ. ದೃಷ್ಟಿಯನ್ನು ತುದಿಯ ಆಸುಪಾಸಿನಲ್ಲಿ ನಿಲ್ಲಿಸಿ ಬಂದುಹೋಗುವುದನ್ನು ಗಮನಿಸುತ್ತಾರೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೋವರ್ಡ್ ಆಸ್ಟಿನ್ 1976ರಲ್ಲಿ ಇದನ್ನು ಪರೀಕ್ಷಿಸಿದರು. ಮಧ್ಯಮ ಮಟ್ಟದ ಜಗ್ಲರ್‌ಗಳ ಕಣ್ಣಿಗೂ ಕೈಗೂ ನಡುವೆ ಬೀಸಣಿಗೆಯಂಥ ಮರೆಯಿಟ್ಟು, ಅದರಲ್ಲಿ ಕೊರೆದ ಕಿಂಡಿಯಿಂದ ಹಾರಾಟದ ತುದಿ ಮಾತ್ರ ಕಾಣುವಂತೆ ಮಾಡಿದರು. ಒಂದು ಅಂಗುಲದಷ್ಟು ತುದಿ, ಅಂದರೆ ಸುಮಾರು 50 ಮಿಲಿಸೆಕೆಂಡಿನ ನೋಟ, ದಕ್ಕಿದರೂ ಅವರು ಹಿಡಿಯುತ್ತಿದ್ದರು.

ಮೂರರ ಆಟದಲ್ಲಿ ಆ ತುದಿ ಮುಖದ ಎದುರಿಗೇ ಇರುತ್ತದೆ. ಕೈಗಳು ದೃಷ್ಟಿಯ ಅಂಚಿನಲ್ಲಿ ಕಾಣುತ್ತಿರುತ್ತವೆ, ಎದುರಿಗೆ ನಿಂತವರೊಡನೆ ಹರಟೆ ಹೊಡೆಯುತ್ತಲೂ ಆಡಬಹುದು. ಒಂಬತ್ತರಲ್ಲಿ ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಕಣ್ಣಿನಿಂದ ಪೂರ್ತಿ ಮರೆಯಾಗಿರುತ್ತವೆ. ತುದಿಯಲ್ಲಿ ಕಂಡ ಚೆಂಡು ಮುಕ್ಕಾಲು ಸೆಕೆಂಡಿನ ಮೇಲೆ ಎಲ್ಲಿ ಬೀಳುತ್ತದೆಂಬುದನ್ನು ಕೈ ಊಹಿಸಿ ಅಲ್ಲಿಗೆ ಹೋಗಬೇಕು, ಆ ಚೆಂಡನ್ನು ಕೊನೆಯ ಎರಡು ಮೀಟರ್‌ಗಳಲ್ಲಿ ನೋಡದೆಯೇ. ವೇದಿಕೆಯ ಮೇಲ್ಗಡೆಯ ದೀಪ ಕಣ್ಣಿಗೆ ಹೊಡೆದರೆ ಕತೆ ಮುಗಿಯಿತು. ಬೆಳಕಿನ ಜೋಡಣೆಯ ವಿಷಯದಲ್ಲಿ ಈ ಜಗ್ಲರ್‌ಗಳು ತಕರಾರಿನವರೆನಿಸುವುದು ಇದಕ್ಕೇ.

ಜಗ್ಲಿಂಗ್ ಮೆದುಳನ್ನು ಬೆಳೆಸುತ್ತದೆ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಮೂಲ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ಬೊಗ್ದಾನ್ ದ್ರಗಾನ್ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಮೂರು ತಿಂಗಳು ಕಲಿತವರಲ್ಲಿ ಚಲನೆಯನ್ನು ಗ್ರಹಿಸುವ ಭಾಗದ ಬೂದು ದ್ರವ್ಯ ಹೆಚ್ಚಿತ್ತು, ಅಭ್ಯಾಸ ಬಿಟ್ಟ ಮೂರು ತಿಂಗಳಿಗೆ ಇಳಿದಿತ್ತು. ಅವರು ಕಲಿತದ್ದು ಮೂರು ಚೆಂಡಿನ ಕ್ಯಾಸ್ಕೇಡ್ ಮಾತ್ರ. ಒಂಬತ್ತರವರ ತಲೆಯ ಬಗ್ಗೆ ಇದರಿಂದ ಏನನ್ನೂ ಹೇಳಲಾಗದು.

ಆರಂಭ, ಮುಕ್ತಾಯ, ಸಲಕರಣೆ

ಮೂರು ಚೆಂಡನ್ನು ಎತ್ತಿಕೊಂಡು ಶುರುಮಾಡುವುದಕ್ಕೆ ಪಾಠ ಬೇಕಿಲ್ಲ. ಒಂಬತ್ತರಲ್ಲಿ ಮೊದಲ ಎಸೆತಕ್ಕೂ ಮೊದಲೇ ಕಷ್ಟ ಆರಂಭ: ಒಂದು ಅಂಗೈಯಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು ಚೆಂಡು ಹಿಡಿಸಬೇಕು. ಮೂರನ್ನು ಅಂಗೈ ಮೇಲೆ ತ್ರಿಕೋನವಾಗಿಟ್ಟು ಉಳಿದವನ್ನು ಅದರ ಮೇಲೆ ಬೆರಳಿನ ತುದಿಗಳಿಂದ ಆನಿಸಿಕೊಳ್ಳುತ್ತಾರೆ. ಹೆಚ್ಚಿರುವ ಕೈ ಮೊದಲು ಎಸೆಯುತ್ತದೆ. ಮುಂದಿನ ಚೆಂಡು ಹೊರಡುವಾಗ ಹಿಂದಿನವು ಕೈಯೊಳಗೆ ಉರುಳಿ ಬೆರಳುಗಳ ಕಡೆಗೆ ಬರಬೇಕು, ಜಾರಬಾರದು. ಕೈ ತುಂಬಿರುವಾಗ ಮಾಡುವ ಮೊದಲ ಎಸೆತಕ್ಕೂ ಒಂದೇ ಚೆಂಡು ಉಳಿದಿರುವಾಗ ಮಾಡುವ ಎಸೆತಕ್ಕೂ ಭಾರ ಬೇರೆ, ಬೆರಳಿನ ಬಿಡುವು ಬೇರೆ. ಆದರೂ ಎಲ್ಲವೂ ಒಂದೇ ಎತ್ತರಕ್ಕೆ ಹೋಗಬೇಕು. ಚಿಕ್ಕ ಕೈಯವರಿಗೆ ಇದೇ ದೊಡ್ಡ ತಡೆ. ಮುಕ್ತಾಯದಲ್ಲಿ ಇದರ ತದ್ವಿರುದ್ಧ: ಮೂರು ಚೆಂಡು ಈಗಾಗಲೇ ಇರುವ ಕೈಗೆ, ಮೂರು ಮೀಟರ್ ಮೇಲಿನಿಂದ ಬರುವ ನಾಲ್ಕನೆಯದನ್ನು ಕೂರಿಸಬೇಕು.

ಈ ಕಾರಣಕ್ಕೆ ನಂಬರ್ಸ್ ಚೆಂಡುಗಳು ಚಿಕ್ಕವು, ಪುಟಿಯದವು. ನವಣೆಯಂಥ ಕಿರುಧಾನ್ಯವನ್ನು ತುಸು ಸಡಿಲವಾಗಿ ತುಂಬಿದ ಬಟ್ಟೆಯ ಅಥವಾ ಕೃತಕ ಚರ್ಮದ ಚೀಲಚೆಂಡುಗಳು ಅಂಗೈಗೆ ಒತ್ತಿಕೊಳ್ಳುತ್ತವೆ, ಒಂದರ ಮೇಲೊಂದು ನಿಲ್ಲುತ್ತವೆ, ಬಿದ್ದರೆ ಬಿದ್ದಲ್ಲೇ ಕೂರುತ್ತವೆ. ದಿನಕ್ಕೆ ನೂರಾರು ಸಲ ಬಗ್ಗಿ ಹೆಕ್ಕುವವರಿಗೆ ಕೊನೆಯ ಗುಣ ಸಣ್ಣದಲ್ಲ.

ರಿಂಗುಗಳದು ಬೇರೆ ಲೆಕ್ಕ. ಅವು ತೆಳು, ಅಂಚು ಮುಂದಾಗಿ ಹಾರುವುದರಿಂದ ಪಕ್ಕಪಕ್ಕದಲ್ಲಿ ಹೆಚ್ಚು ಹಿಡಿಸುತ್ತವೆ, ಡಿಕ್ಕಿ ಕಡಿಮೆ. ಕೈಯಲ್ಲಿ ಜೋಡಿಸಿಕೊಳ್ಳುವುದೂ ಸುಲಭ, ಮುಗಿಸುವಾಗ ಒಂದೊಂದಾಗಿ ಕೊರಳಿಗೆ ಹಾಕಿಕೊಳ್ಳಬಹುದು. ಸೋವಿಯತ್ ಸರ್ಕಸ್ಸಿನ ಸೆರ್ಗೈ ಇಗ್ನಾಟೊವ್ 1970ರ ದಶಕದಲ್ಲಿ ಹನ್ನೊಂದು ರಿಂಗುಗಳಿಗೆ ಹೆಸರಾದವರು. ಕ್ಲಬ್ಬುಗಳು ಇದಕ್ಕೆ ಪೂರ್ತಿ ಎದುರು. ಬಾಟಲಿಯಾಕಾರದ ಅವು ಎಸೆದಾಗ ತಿರುಗುತ್ತವೆ, ಹಿಡಿ ಕೈಗೆ ಬರುವಂತೆ ತಿರುಗನ್ನೂ ಎಣಿಸಬೇಕು. ತಿರುಗುವಾಗ ಅರ್ಧ ಮೀಟರ್ ಅಗಲದ ಜಾಗ ತಿನ್ನುತ್ತವೆ. ಹೀಗಾಗಿ ಒಬ್ಬನೇ ಆಟಗಾರನ ಕೈಯಲ್ಲಿ ರಿಂಗುಗಳ ಸಂಖ್ಯೆಗಿಂತ ಕ್ಲಬ್ಬುಗಳ ಸಂಖ್ಯೆ ಸಾಮಾನ್ಯವಾಗಿ ಎರಡು ಮೂರು ಕಡಿಮೆಯೇ ಇರುತ್ತದೆ.

ಕಾಗದದ ಮೇಲೆ ಮತ್ತು ಗಾಳಿಯಲ್ಲಿ

1981ರಿಂದ 1985ರೊಳಗೆ ಸಾಂತಾ ಕ್ರೂಸ್‌ನ ಪಾಲ್ ಕ್ಲಿಮೆಕ್, ಕ್ಯಾಲ್‌ಟೆಕ್‌ನ ಬ್ರೂಸ್ ಟೀಮನ್ ಮತ್ತು ಬೆಂಗ್ಟ್ ಮ್ಯಾಗ್ನುಸನ್, ಕೇಂಬ್ರಿಜ್‌ನ ಮೈಕ್ ಡೇ, ಕಾಲಿನ್ ರೈಟ್ ಮೊದಲಾದವರು ಒಬ್ಬರಿಗೊಬ್ಬರು ತಿಳಿಯದಂತೆ ಜಗ್ಲಿಂಗಿಗೆ ಒಂದೇ ಅಂಕಿಲಿಪಿಯನ್ನು ಕಂಡುಕೊಂಡರು. ಸೈಟ್‌ಸ್ವಾಪ್ ಎಂಬ ಈ ಲಿಪಿಯಲ್ಲಿ ಒಂದೊಂದು ಎಸೆತಕ್ಕೆ ಒಂದೊಂದು ಅಂಕಿ. ಆ ಚೆಂಡು ಎಷ್ಟು ಎಸೆತಗಳ ನಂತರ ಮತ್ತೆ ಎಸೆಯಲ್ಪಡುತ್ತದೆಂದು ಅದು ಹೇಳುತ್ತದೆ. ಅಂಕಿಗಳ ಸರಾಸರಿಯೇ ಚೆಂಡುಗಳ ಸಂಖ್ಯೆ. ಬರೀ 3 ಎಂದರೆ ಮೂರರ ಕ್ಯಾಸ್ಕೇಡ್. 441 ಮತ್ತು 531 ಕೂಡ ಮೂರು ಚೆಂಡಿನವೇ.

1994ರಲ್ಲಿ ಜೋ ಬುಹ್ಲರ್, ಡೇವಿಡ್ ಐಸೆನ್‌ಬಡ್, ರಾನ್ ಗ್ರಹಾಂ, ಕಾಲಿನ್ ರೈಟ್ ಸೇರಿ ಇಂಥ ವಿನ್ಯಾಸಗಳನ್ನು ಎಣಿಸುವ ಪ್ರಮೇಯ ಪ್ರಕಟಿಸಿದರು. ಅಂತಾರಾಷ್ಟ್ರೀಯ ಜಗ್ಲರ್‌ಗಳ ಸಂಘ ಮತ್ತು ಅಮೆರಿಕದ ಗಣಿತ ಸಂಘ ಎರಡಕ್ಕೂ ಗ್ರಹಾಂ ಬೇರೆಬೇರೆ ಕಾಲದಲ್ಲಿ ಅಧ್ಯಕ್ಷರಾಗಿದ್ದರು. ಪ್ರಮೇಯದ ಪ್ರಕಾರ ಮೂರು ಅಂಕಿಯ ವಿನ್ಯಾಸಗಳು ಮೂರು ಚೆಂಡಿಗೆ 37, ಏಳು ಚೆಂಡಿಗೆ 169. ಒಂದೇ ವಿನ್ಯಾಸವನ್ನು ಬೇರೆ ಅಂಕಿಯಿಂದ ಆರಂಭಿಸಿದರೆ ಅದನ್ನು ಬೇರೆಯೆಂದೇ ಎಣಿಸಿದ ಲೆಕ್ಕವಿದು.

ಕಾಗದದ ಮೇಲೆ ಹೀಗೆ ಚೆಂಡು ಹೆಚ್ಚಿದಂತೆ ಆಟ ಶ್ರೀಮಂತವಾಗುತ್ತದೆ, ಗಾಳಿಯಲ್ಲಿ ಬಡವಾಗುತ್ತದೆ. 531ರ ಪ್ರತಿ ಅಂಕಿಗೂ ನಾಲ್ಕು ಕೂಡಿಸಿದರೆ 975, ಏಳು ಚೆಂಡಿನದು, ಗಣಿತಕ್ಕೆ ಎರಡೂ ಒಂದೇ ಜಾತಿ. ಅರ್ಧ ಸೆಕೆಂಡಿನ ಲಯದಲ್ಲಿ 531ರ ಅತಿ ಎತ್ತರದ ಎಸೆತ 1.1 ಮೀಟರ್, 975ರದು 4.7 ಮೀಟರ್. ಮೊದಲನೆಯದನ್ನು ಶಾಲಾಮಕ್ಕಳು ಕಲಿಯುತ್ತಾರೆ. ಎರಡನೆಯದಕ್ಕೆ ಏಳನ್ನು ಚೆನ್ನಾಗಿ ಪಳಗಿಸಿ, ಒಂಬತ್ತರ ಎತ್ತರವನ್ನೂ ಕಂಡಿರಬೇಕು. ಬೆನ್ನ ಹಿಂದಿನಿಂದ, ಕಾಲ ಕೆಳಗಿನಿಂದ, ಕೈ ಮೇಲೆ ಕೈ ಹೆಣೆದು ಆಡುವ ಚಮತ್ಕಾರಗಳೆಲ್ಲ ಬೆಳೆದದ್ದು ಮೂರು ನಾಲ್ಕು ಚೆಂಡಿನ ಹೊಲದಲ್ಲಿ. ಸ್ಟೀವ್ ಮಿಲ್ಸ್ ಹೆಸರಿನ ‘ಮಿಲ್ಸ್ ಮೆಸ್’ ಅಂಥದ್ದು. ಒಂಬತ್ತರ ಜಗ್ಲರ್ ಸಾಮಾನ್ಯವಾಗಿ ಮಾಡುವುದು ಒಂದೇ: ಒಂಬತ್ತನ್ನು ಆಡಿಸುವುದು.

ಹಳೆಯ ಲೆಕ್ಕಗಳು

ಈಜಿಪ್ಟಿನ ಬೆನಿ ಹಸನ್‌ನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಗೋರಿಯ ಗೋಡೆಯ ಮೇಲೆ ಚೆಂಡಾಡಿಸುವ ಹೆಂಗಸರ ಚಿತ್ರಗಳಿವೆ. ದೊಡ್ಡ ಸಂಖ್ಯೆಯ ಪ್ರಸ್ತಾಪ ಚೀನಾದ ‘ಲಿಯೆಜಿ’ ಗ್ರಂಥದಲ್ಲಿದೆ. ಸುಂಗ್ ರಾಜ್ಯದ ಲಾನ್‌ಜಿ ಎಂಬವನು ಏಳು ಕತ್ತಿಗಳನ್ನು ಆಡಿಸುತ್ತಿದ್ದ, ಐದು ಯಾವಾಗಲೂ ಗಾಳಿಯಲ್ಲಿರುತ್ತಿದ್ದವು ಎನ್ನುತ್ತದೆ ಆ ಕತೆ. ಎರಡು ಕೈಗೆ ಎರಡು, ಮೇಲೆ ಐದು: ಬರೆದವನು ಯಾರನ್ನಾದರೂ ನೋಡಿಯೇ ಬರೆದಂತಿದೆ. ಯಹೂದಿಗಳ ತಾಲ್ಮುದ್ ಗ್ರಂಥದಲ್ಲಿ ಹಬ್ಬದ ರಾತ್ರಿ ಎಂಟು ಪಂಜುಗಳನ್ನು ಒಂದಕ್ಕೊಂದು ತಾಗದಂತೆ ಆಡಿಸಿದ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್‌ರ ಪ್ರಸ್ತಾಪವಿದೆ. ಪಂಜು ಕತ್ತಿಗಿಂತ ಕ್ಲಬ್ಬಿಗೆ ಹತ್ತಿರ. ಎಂಟು ಎಂಬುದನ್ನು ಇಂದಿನ ಜಗ್ಲರ್‌ಗಳು ಗೌರವದ ಸಂಶಯದಿಂದಲೇ ಓದುತ್ತಾರೆ.

ಟಾಂಗಾ ದ್ವೀಪಗಳಲ್ಲಿ ‘ಹಿಕೊ’ ಹುಡುಗಿಯರ ಆಟ. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿದ್ದ ಜಾರ್ಜ್ ಫಾರ್ಸ್ಟರ್ ಅಲ್ಲಿ ಐದು ದುಂಡು ಸೋರೆಬುರುಡೆಗಳನ್ನು ಒಂದನ್ನೂ ಬಿಡದೆ ಬಹಳ ಹೊತ್ತು ಆಡಿಸಿದ ಹುಡುಗಿಯನ್ನು ಕಂಡು ಬರೆದಿಟ್ಟಿದ್ದಾನೆ. ಹಿಕೊ ಸಾಮಾನ್ಯವಾಗಿ ಶವರ್ ರೀತಿಯದು ಎಂಬುದನ್ನು ನೆನೆದರೆ ಆ ಐದು ಸಣ್ಣ ಸಂಖ್ಯೆಯಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಂಗಮಂದಿರಗಳನ್ನು ಬೆರಗಾಗಿಸಿದವರು ಭಾರತೀಯರು, ಅವರಲ್ಲಿ ರಾಮೊ ಸಾಮಿ ಎಂಬಾತ ಪ್ರಸಿದ್ಧ. ವಿಲಿಯಂ ಹ್ಯಾಝ್ಲಿಟ್ 1821ರಲ್ಲಿ ಪ್ರಕಟಿಸಿದ ‘ದಿ ಇಂಡಿಯನ್ ಜಗ್ಲರ್ಸ್’ ಪ್ರಬಂಧಕ್ಕೆ ಪ್ರೇರಣೆ ಇಂಥದೇ ಪ್ರದರ್ಶನ. ಅಲ್ಲಿ ಅವನನ್ನು ದಂಗುಬಡಿಸಿದ್ದು ಕೇವಲ ನಾಲ್ಕು ಹಿತ್ತಾಳೆ ಗುಂಡುಗಳು. ಇಂದು ನಾಲ್ಕು ಎಂದರೆ ಕೆಲವು ವಾರಗಳ ಕಲಿಕೆ. ಆದರೆ ಗುಂಡು ಹಿತ್ತಾಳೆಯದಾಗಿದ್ದರೆ ಮಾತು ಬೇರೆ.

ಇಪ್ಪತ್ತನೆಯ ಶತಮಾನದಲ್ಲಿ ಸಂಖ್ಯೆಯ ಗೀಳಿಗೆ ಮುಖ ಕೊಟ್ಟವನು ಎನ್ರಿಕೊ ರಾಸ್ಟೆಲ್ಲಿ. ರಷ್ಯಾದ ಸಮಾರಾದಲ್ಲಿ 1896ರಲ್ಲಿ ಇಟಾಲಿಯನ್ ಸರ್ಕಸ್ ಕುಟುಂಬದಲ್ಲಿ ಹುಟ್ಟಿ 1931ರಲ್ಲಿ ಬೆರ್ಗಾಮೊದಲ್ಲಿ ತೀರಿಕೊಂಡ ಈತನ ಹೆಸರಿಗೆ ಹತ್ತು ಚೆಂಡು ಅಂಟಿಕೊಂಡಿದೆ. ಫ್ರಾನ್ಸಿಸ್ ಬ್ರುನ್ ಹಿಡಿದ ದಾರಿ ಬೇರೆ. ಹೆಚ್ಚು ವಸ್ತುಗಳ ವೇಗದ ಆಟದಿಂದ ಹೆಸರು ಮಾಡಿ, ಆಮೇಲೆ ಕಡಿಮೆ ಮಾಡುತ್ತ ಹೋಗಿ, ಕೊನೆಗೆ ಫ್ಲಮೆಂಕೊ ನೃತ್ಯದ ಭಂಗಿಯಲ್ಲಿ ಒಂದೇ ಚೆಂಡಿಗೆ ಬಂದು ನಿಂತರು. ಬ್ರುನ್ ಆಯ್ಕೆಯಲ್ಲಿ ವ್ಯವಹಾರಜ್ಞಾನವೂ ಇತ್ತೆನ್ನಬೇಕು. ಏಳಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಪ್ರೇಕ್ಷಕರ ಕಣ್ಣಿಗೆ ಕಾಣುವುದಿಲ್ಲ, ಆ ಒಂದು ಚೆಂಡಿಗಾಗಿ ಜಗ್ಲರ್ ಮಾತ್ರ ವರ್ಷಗಳನ್ನು ತೆತ್ತಿರುತ್ತಾನೆ.

ಎಣಿಸುವ ಕ್ರಮ

ಮೂರು ಚೆಂಡಿನ ಸಾಮರ್ಥ್ಯವನ್ನು ಗಡಿಯಾರ ನೋಡಿ ಅಳೆಯುತ್ತಾರೆ, ಹನ್ನೆರಡು ಗಂಟೆ ದಾಟಿದ ದಾಖಲೆಗಳಿವೆ. ಏಳಕ್ಕೆ ಬಂದರೆ ಗಂಟೆಗಳು ನಿಮಿಷಗಳಾಗುತ್ತವೆ. 2006ರಲ್ಲಿ ಏಳನ್ನು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನಿಲ್ಲಿಸಿದ ಆಂಥನಿ ಗ್ಯಾಟೊ ತನ್ನ ಕಾಲದ ಅತ್ಯುತ್ತಮ ಜಗ್ಲರ್ ಎನಿಸಿಕೊಂಡವರು. ಅದರ ಮೇಲೆ ಗಡಿಯಾರಕ್ಕೆ ಕೆಲಸವಿಲ್ಲ, ಹಿಡಿತಗಳನ್ನು ಎಣಿಸುತ್ತಾರೆ. ಎಣಿಕೆಗೆ ಎರಡು ಮಟ್ಟಗಳಿವೆ. ಪ್ರತಿ ಚೆಂಡನ್ನೂ ಒಂದೊಂದು ಸಲ ಎಸೆದು ಹಿಡಿದರೆ ‘ಫ್ಲ್ಯಾಶ್’. ಎರಡೆರಡು ಸಲವಾದರೆ ‘ಕ್ವಾಲಿಫೈ’, ಆಗ ಮಾತ್ರ ಅಷ್ಟು ಚೆಂಡನ್ನು ಜಗ್ಲ್ ಮಾಡಿದಂತೆ.

ಈ ಗೆರೆ ಎಳೆದವರು ತಿಳಿದವರು. ಫ್ಲ್ಯಾಶ್‌ನಲ್ಲಿ ಮೊದಲ ಚೆಂಡು ಕೈಗೆ ಮರಳುವ ಹೊತ್ತಿಗೆ ಕೊನೆಯದೂ ಹೊರಟಿರುತ್ತದೆ. ಎಲ್ಲ ಎಸೆತಗಳೂ ಸಿದ್ಧವಾಗಿ ನಿಂತ ಕೈಯಿಂದ ಆದವು, ಹಿಡಿದದ್ದನ್ನು ಮತ್ತೆ ಎಸೆಯುವ ಪ್ರಸಂಗವೇ ಬರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಮೊದಲ ಸುತ್ತಿನ ಪ್ರತಿಯೊಂದು ದೋಷವೂ ಅದೇ ಕ್ರಮದಲ್ಲಿ ಕೈಗೆ ವಾಪಸು ಬರುತ್ತದೆ, ಅದನ್ನು ಹಿಡಿದು, ಸರಿಪಡಿಸಿ, ತಡಮಾಡದೆ ಕಳಿಸಬೇಕು. ಬ್ರಿಟನ್ನಿನ ಅಲೆಕ್ಸ್ ಬ್ಯಾರನ್ 2012ರ ಏಪ್ರಿಲ್‌ನಲ್ಲಿ ಲಂಡನ್ನಿನ ರೋಹ್ಯಾಂಪ್ಟನ್‌ನ ಸ್ಕ್ವಾಷ್ ಕ್ಲಬ್ಬೊಂದರಲ್ಲಿ ಹನ್ನೊಂದು ಚೆಂಡುಗಳನ್ನು 23 ಹಿಡಿತಗಳವರೆಗೆ ನಡೆಸಿ ಆ ಸಂಖ್ಯೆಯನ್ನು ಕ್ವಾಲಿಫೈ ಮಾಡಿದರು. ಅದಕ್ಕೆ ಬೇಕಿದ್ದದ್ದು 22. ಅದೇ ಬ್ಯಾರನ್ 2017ರಲ್ಲಿ ಹದಿನಾಲ್ಕು ಚೆಂಡುಗಳನ್ನು ಫ್ಲ್ಯಾಶ್ ಮಾಡಿದರು: ಹದಿನಾಲ್ಕು ಎಸೆತ, ಹದಿನಾಲ್ಕು ಹಿಡಿತ, ಆಮೇಲೆ ಕೈತುಂಬ ಚೆಂಡು.